ಚರ್ಚ್ ಹಿತ್ತಲಿಗೆ ಇಂಟರ್‌ಲಾಕ್ ಬೇಡ, ತರಕಾರಿ ಪಾತಿ ಮಾಡೋಣ

ಮಾನ್ಯರೇ,

ನಮ್ಮ ಮೊಹಲ್ಲಾದ ಚರ್ಚ್ ಆವರಣಕ್ಕೆ ಪೂರ್ತಿ ಇಂಟರ್‌ಲಾಕ್ ಸಿಮೆಂಟ್ ಕಲ್ಲು ಹಾಕಿಸಬೇಕು ಅಂತ ಮಾತು ನಡೆಯುತ್ತಿದೆ. ಮುಂದಿನ ಅಂಗಳಕ್ಕೆ ಆಗಲೇ ಹಾಕಿ ಆಗಿದೆ. ಅದಕ್ಕೆ ನನ್ನ ತಕರಾರಿಲ್ಲ. ಮದುವೆ ಇದೆ, ವಾರ್ಷಿಕ ಹಬ್ಬ ಇದೆ, ತೇರು ಎಳೆಯಬೇಕು, ವ್ಹೀಲ್‌ಚೇರಿನಲ್ಲಿ ಪೂಜೆಗೆ ಬರುವ ಹಿರಿಯರಿದ್ದಾರೆ. ಅದಕ್ಕೆಲ್ಲ ಗಟ್ಟಿ ನೆಲ ಬೇಕೇ ಬೇಕು. ಈಗ ಕಣ್ಣು ಬಿದ್ದಿರುವುದು ಚರ್ಚಿನ ಹಿಂದಿನ ಜಾಗದ ಮೇಲೆ. ಹಳೇ ಬಾವಿ ಇರುವ ಕಡೆ. ಎರಡು ಸೀಬೆ ಮರ, ಒಂದು ನುಗ್ಗೆ ಮರ, ಮುರಿದ ಬೆಂಚುಗಳ ರಾಶಿ, ಮಿಕ್ಕಿದ್ದೆಲ್ಲ ಪಾರ್ಥೇನಿಯಂ. ಅದನ್ನೂ ಮುಚ್ಚಿಬಿಟ್ಟರೆ ಇನ್ನೂ ಇಪ್ಪತ್ತು ಕಾರು ನಿಲ್ಲುತ್ತವಂತೆ.

ಯಾವ ಚರ್ಚ್ ಅಂತ ಹೆಸರು ಹೇಳುವುದಿಲ್ಲ. ಹೇಳಿದರೆ ಮಾತು ಫಾದರ್ ಮೇಲೆ, ಪಾಲನಾ ಸಮಿತಿಯವರ ಮೇಲೆ ಹೋಗುತ್ತದೆ. ಅವರೆಲ್ಲ ಒಳ್ಳೆಯವರೇ, ದಿನಾ ಮುಖ ನೋಡುವವರು. ಅಲ್ಲದೆ ಇದು ನಮ್ಮೊಂದು ಚರ್ಚಿನ ಕಥೆಯೂ ಅಲ್ಲ. ಕ್ಯಾಥೊಲಿಕ್ ಇರಲಿ, ಪ್ರಾಟೆಸ್ಟೆಂಟರ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಇರಲಿ, ಮೈಸೂರು, ಮಂಡ್ಯದಲ್ಲಿ ಹಳೇ ಚರ್ಚುಗಳಿಗೆ ಜಾಗ ಇದೆ. ಈಗಿನ ರೇಟಿನಲ್ಲಿ ಯಾರಿಗೂ ಕೊಳ್ಳಲು ಆಗದಂಥ ಜಾಗ. ಊರು ಚಿಕ್ಕದಿದ್ದಾಗ ಕೊಟ್ಟಿದ್ದು, ತಗೊಂಡಿದ್ದು. ಅಶೋಕ ರಸ್ತೆಯ ಸಂತ ಫಿಲೋಮಿನಾ ಚರ್ಚನ್ನೇ ನೋಡಿ. 1933ರ ಅಕ್ಟೋಬರ್ 28ರಂದು ನಾಲ್ವಡಿಯವರೇ ಬಂದು ಅಡಿಗಲ್ಲು ಹಾಕಿದರು. ಅದಕ್ಕೂ ಮೊದಲು ಅಲ್ಲಿ ಮುಮ್ಮಡಿಯವರ ಕಾಲದ ಚಿಕ್ಕ ಚರ್ಚ್ ಇತ್ತು. ಇವತ್ತು ಆ 175 ಅಡಿ ಗೋಪುರಗಳ ಮುಂದೆ ಫೋಟೋ ತೆಗೆಸಿಕೊಳ್ಳದೆ ಯಾವ ಪ್ರವಾಸಿಯೂ ಊರು ಬಿಡುವುದಿಲ್ಲ. ಆ ಮಟ್ಟದ ದೊಡ್ಡ ಚರ್ಚ್ ಬಗ್ಗೆ ನಾನು ಹೇಳುತ್ತಿಲ್ಲ, ಅಲ್ಲಿನ ಜನಸಂದಣಿಯ ಕಷ್ಟವೇ ಬೇರೆ. ಬಡಾವಣೆಗಳ ಒಳಗಿರುವ, ಭಾನುವಾರ ಬಿಟ್ಟರೆ ಮಿಕ್ಕ ದಿನ ಖಾಲಿ ಹೊಡೆಯುವ ಚರ್ಚುಗಳ ಬಗ್ಗೆ ಹೇಳುತ್ತಿದ್ದೇನೆ.

ಕೇಳುವುದು ಒಂದೇ. ಹಿಂದಿನ ಜಾಗವನ್ನು ಮಣ್ಣಾಗಿಯೇ ಬಿಡಿ. ಅದರಲ್ಲಿ ಐದಾರು ಗುಂಟೆಯನ್ನು ಸುತ್ತಮುತ್ತಲಿನ ಜನಕ್ಕೆ ತರಕಾರಿ ಬೆಳೆಯಲು ಕೊಡಿ. ಚರ್ಚಿಗೆ ಬರುವವರಿಗೆ ಮಾತ್ರ ಅಲ್ಲ, ಎದುರು ಮನೆಯವರಿಗೂ, ಹಿಂದಿನ ಬೀದಿಯವರಿಗೂ.

ಮೊದಲು ನೀರಿನ ಲೆಕ್ಕ ಹೇಳಿಬಿಡುತ್ತೇನೆ, ಯಾಕಂದರೆ ಸಭೆಯಲ್ಲಿ ಎಲ್ಲರೂ ಮೊದಲು ಕೇಳುವುದು ಅದನ್ನೇ. ಒಂದು ಚದರ ಮೀಟರ್ ಜಾಗಕ್ಕೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಮೈಸೂರಿನಲ್ಲಿ ವರ್ಷಕ್ಕೆ ಸುಮಾರು 800 ಮಿ.ಮೀ. ಮಳೆಯಾಗುತ್ತದೆ. 400 ಚದರ ಮೀಟರ್ ಚಾವಣಿ ಇರುವ ಸಾಧಾರಣ ಚರ್ಚ್ ತಗೊಳ್ಳಿ. ವರ್ಷಕ್ಕೆ 3 ಲಕ್ಷ 20 ಸಾವಿರ ಲೀಟರ್ ಅದರ ತಲೆ ಮೇಲೆ ಸುರಿಯುತ್ತದೆ. ಆವಿಯಾಗಿದ್ದು, ಸೋರಿದ್ದು ಅಂತ ಐದರಲ್ಲಿ ಒಂದು ಪಾಲು ಕಳೆದರೂ ಎರಡೂವರೆ ಲಕ್ಷ ಲೀಟರ್ ಉಳಿಯಿತಲ್ಲ. ಈಗ ಅದಷ್ಟೂ ಪೈಪಿನಲ್ಲಿ ಇಳಿದು ಅಂಗಳ ದಾಟಿ ಮೋರಿಗೆ ಹೋಗುತ್ತಿದೆ. ಆಮೇಲೆ ನಾವು ಬೋರ್‌ವೆಲ್ ಮೋಟರ್ ಹಾಕಿ, ಕರೆಂಟ್ ಬಿಲ್ ಕಟ್ಟಿ, ಕುಂಡದಲ್ಲಿರುವ ಕ್ರೋಟನ್ ಗಿಡಕ್ಕೆ ನೀರು ಬಿಡುತ್ತೇವೆ! ಹಳೇ ಬಾವಿ ಅಲ್ಲೇ ಇದೆ. ಜಲ್ಲಿ, ಮರಳು, ಇದ್ದಿಲು ಹಾಕಿದ ಒಂದು ತೊಟ್ಟಿಯಲ್ಲಿ ಸೋಸಿ ಚಾವಣಿ ನೀರನ್ನು ಆ ಬಾವಿಗೆ ಬಿಟ್ಟರೆ ಮುಗಿಯಿತು. ಬೇಸಿಗೆಯಲ್ಲಿ ತರಕಾರಿ ಪಾತಿಗೆ ಚದರ ಮೀಟರಿಗೆ ದಿನಕ್ಕೆ ನಾಲ್ಕೈದು ಲೀಟರ್ ಸಾಕು, ಅದೂ ಬುಡಕ್ಕೆ ಒಣಗಿದ ಎಲೆ ಮುಚ್ಚಿದರೆ ಇನ್ನೂ ಕಮ್ಮಿ.

ಇನ್ನು ನೆಲದ ಮೇಲೆ ಬೀಳುವ ನೀರು. ಅರ್ಧ ಎಕರೆ ಅಂದರೆ ಸುಮಾರು 2,000 ಚದರ ಮೀಟರ್. ಅಕ್ಟೋಬರಿನಲ್ಲಿ ಒಂದು ರಾತ್ರಿ 50 ಮಿ.ಮೀ. ಮಳೆ ಬಂದರೆ, ಬರುತ್ತದೆ, ಅಷ್ಟು ಜಾಗದ ಮೇಲೆ ಒಂದು ಲಕ್ಷ ಲೀಟರ್. ಮಣ್ಣಿದ್ದರೆ ಒಂದಷ್ಟು ಕುಡಿಯುತ್ತದೆ. ಇಂಟರ್‌ಲಾಕ್ ಇದ್ದರೆ ಕೆಳಗಡೆ ನೆಲವನ್ನು ರೋಲರ್ ಹೊಡೆಸಿ ಗಟ್ಟಿ ಮಾಡಿರುತ್ತಾರೆ, ಸಂದಿಯಲ್ಲಿ ಇಳಿಯುವುದು ಅಷ್ಟಕ್ಕಷ್ಟೇ. ಮಿಕ್ಕಿದ್ದೆಲ್ಲ ಗೇಟಿನಿಂದ ಹೊರಗೆ ಬಂದು ಬೀದಿಯ ಕೆಳಗಿನ ಮನೆಗಳಿಗೆ ನುಗ್ಗುತ್ತದೆ. ಆ ಮನೆಗಳಲ್ಲಿ ಇರುವವರು ಯಾರು? ನಮ್ಮ ಚರ್ಚಿಗೆ ಬರುವವರೂ ಇದ್ದಾರೆ, ಬರದವರೂ ಇದ್ದಾರೆ.

ಇಂಟರ್‌ಲಾಕ್ ಹಾಕುವವರು ಮರದ ಬುಡವನ್ನೂ ಬಿಡುವುದಿಲ್ಲ. ಕಾಂಡಕ್ಕೆ ತಾಗಿಸಿ ಸಿಮೆಂಟ್ ಬಳಿದು ಹೋಗುತ್ತಾರೆ, ನೋಡಲು ನೀಟಾಗಿ ಕಾಣಬೇಕಲ್ಲ. ದೆಹಲಿಯಲ್ಲಿ ಹೀಗೆ ಮಾಡಿದ್ದಕ್ಕೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ಮರಗಳ ಸುತ್ತ ಒಂದು ಮೀಟರ್ ತನಕ ಕಾಂಕ್ರೀಟ್ ಕೀಳಿಸಿ ಅಂತ ಹೇಳಿತ್ತು. ನಮ್ಮಲ್ಲಿ ಹೇಳುವವರಿಲ್ಲ ಅಂತ ಸುಮ್ನೆ ಇದ್ದೇವೆ ಅಷ್ಟೇ.

ಚರ್ಚಿಗೆ ತೋಟ ಯಾಕೆ, ಪೂಜೆಗೆ ಜಾಗ ಇದ್ದರೆ ಸಾಲದಾ ಅಂತ ಒಬ್ಬರು ಹಿರಿಯರು ಕೇಳಿದರು. ನನಗೆ ಈ ಪ್ರಶ್ನೆಯೇ ವಿಚಿತ್ರ ಅನಿಸಿತು. ನಮ್ಮ ವರ್ಷವೆಲ್ಲ ನಡೆಯುವುದೇ ಗಿಡ, ಗರಿ, ತೆನೆ, ಹೂವಿನ ಮೇಲೆ. ಗರಿಗಳ ಭಾನುವಾರ ಗರಿ ಬೇಕು, ಅದನ್ನೇ ಎತ್ತಿಟ್ಟು ಮುಂದಿನ ವರ್ಷ ಸುಟ್ಟು ವಿಭೂತಿ ಬುಧವಾರಕ್ಕೆ ಬೂದಿ ಮಾಡುತ್ತಾರೆ. ಮಂಗಳೂರಿನ ಕಡೆಯಿಂದ ಬಂದು ಮೈಸೂರಿನಲ್ಲಿ ನೆಲೆಸಿದ ಕೊಂಕಣಿ ಕುಟುಂಬಗಳು ಸೆಪ್ಟೆಂಬರ್ 8ಕ್ಕೆ ಮೊಂತಿ ಹಬ್ಬ, ಅಂದರೆ ಮೇರಿ ಮಾತೆಯ ಹುಟ್ಟುಹಬ್ಬ ಮಾಡುತ್ತಾರೆ. ಅದಕ್ಕೆ ಮುಂಚೆ ಒಂಬತ್ತು ದಿನ ಮಕ್ಕಳು ಹೂವು ಕಿತ್ತು ತಂದು ಮಾತೆಯ ಪಾದಕ್ಕೆ ಹಾಕಬೇಕು, ಹಬ್ಬದ ದಿನ ಹೊಸ ಭತ್ತದ ತೆನೆಗೆ ಆಶೀರ್ವಾದ. ಪಾಪ, ಅಪಾರ್ಟ್‌ಮೆಂಟ್ ಮಕ್ಕಳು ಹೂವು ಎಲ್ಲಿಂದ ಕೀಳಬೇಕು? ದೇವರಾಜ ಮಾರ್ಕೆಟ್ಟಿನಿಂದ ಅರ್ಧ ಕೆ.ಜಿ. ಬಿಡಿ ಹೂವು ಪ್ಲಾಸ್ಟಿಕ್ ಕವರಿನಲ್ಲಿ ಬರುತ್ತದೆ. ಸಿ.ಎಸ್.ಐ. ಚರ್ಚುಗಳಲ್ಲಿ ಸುಗ್ಗಿ ಹಬ್ಬ ಮಾಡುತ್ತಾರೆ. ಮೊದಲೆಲ್ಲ ಮನೆಯಲ್ಲಿ ಬೆಳೆದ ಕುಂಬಳಕಾಯಿ, ಬಾಳೆಗೊನೆ, ಕೋಳಿ, ಮೊಟ್ಟೆ ತಂದು ಕೊಡುವರು, ಆಮೇಲೆ ಹರಾಜು. ಆ ಹರಾಜಿನ ಗಲಾಟೆಯೇ ಒಂದು ಮಜಾ. ಈಗ ತರಕಾರಿ ಅಂಗಡಿಯಿಂದ ಕೊಂಡು ತಂದ ಕುಂಬಳಕಾಯಿಯನ್ನು ಹರಾಜು ಹಾಕಿ ಮತ್ತೆ ನಾವೇ ಕೊಳ್ಳುತ್ತೇವೆ. ಕ್ರಿಸ್‌ಮಸ್‌ಗೆ ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಮಾಡುವಾಗ ಮಾತ್ರ ಇನ್ನೂ ಹಳೇ ಪದ್ಧತಿ ಉಳಿದಿದೆ. ಎರಡು ವಾರ ಮುಂಚೆ ತಟ್ಟೆಯಲ್ಲಿ ಮಣ್ಣು ಹಾಕಿ ರಾಗಿ ಚೆಲ್ಲುತ್ತಾರೆ, ಹಬ್ಬದ ಹೊತ್ತಿಗೆ ಹಸಿರು ಪೈರು ಎದ್ದಿರುತ್ತದೆ. ಆ ತಟ್ಟೆಗೆ ಮಣ್ಣು ಬೇಕು ಅಂತ ಕಳೆದ ಡಿಸೆಂಬರಿನಲ್ಲಿ ನಮ್ಮ ಯುವಕರು ನರ್ಸರಿಯಿಂದ ಚೀಲದಲ್ಲಿ ಮಣ್ಣು ಕೊಂಡು ತಂದರು! ಅರ್ಧ ಎಕರೆ ಇರುವ ಚರ್ಚಿನವರು!

ಮೇರಿ ಮಾತೆಯ ಪ್ರತಿಮೆ ಇಡುವ ಗವಿಯ ಬಗ್ಗೆಯೂ ಒಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಎಷ್ಟೋ ಕಡೆ ಅಲ್ಲಿರುವುದು ಪ್ಲಾಸ್ಟಿಕ್ ಹೂವು. ಬಿಸಿಲಿಗೆ ಬಣ್ಣ ಹೋಗಿ, ಧೂಳು ಕೂತು. ಅಮೆರಿಕದ ಮೆಸಾಚುಸೆಟ್ಸ್‌ನಲ್ಲಿ ವುಡ್ಸ್ ಹೋಲ್ ಅಂತ ಒಂದು ಕಡಲ ದಂಡೆಯ ಊರಿದೆ. ಅಲ್ಲಿನ ಸಂತ ಜೋಸೆಫರ ಚರ್ಚಿನಲ್ಲಿ 1932ರಲ್ಲೇ ಮಾತೆಯ ಹೆಸರಲ್ಲಿ ಒಂದು ಹೂದೋಟ ಮಾಡಿದರು, ಮಾತೆಗೆ ಸಂಬಂಧಪಟ್ಟ ಹೆಸರುಗಳಿರುವ ಗಿಡಗಳನ್ನೇ ಹುಡುಕಿ ನೆಟ್ಟು. ಅದನ್ನು ನೋಡಿ ಎಷ್ಟೋ ಕಡೆ ಅಂಥ ತೋಟಗಳಾದವು. ನಮಗೆ ಅಷ್ಟು ದೂರ ಹೋಗುವ ಅಗತ್ಯವೇ ಇಲ್ಲ. ಮೈಸೂರು ಮಲ್ಲಿಗೆಗೆ ಜಿ.ಐ. ಟ್ಯಾಗ್ ಇದೆ, ಊರಿನ ಹೆಸರು ಹೊತ್ತ ಹೂವು, ಊರಿನಲ್ಲಿ ಮಾತ್ರ ಹುಡುಕಬೇಕು. ಗವಿಯ ಎರಡು ಕಡೆ ನಾಲ್ಕು ನಾಲ್ಕು ಬುಡ ನೆಡಿ. ನವೆಂಬರ್-ಡಿಸೆಂಬರಿನಲ್ಲಿ ಸವರಿ ಗೊಬ್ಬರ ಕೊಟ್ಟರೆ ಮಾರ್ಚಿನಿಂದ ಜೂನ್ ತನಕ ಹೂವು. ಮೇ ತಿಂಗಳು ಮಾತೆಯ ತಿಂಗಳು, ಸರಿಯಾಗಿ ಅದೇ ಹೊತ್ತಿಗೆ.

ಇತಿಹಾಸ ಬೇಕು ಅನ್ನುವವರಿಗೆ ಅದೂ ಇದೆ. ಎಸ್‌ಎಸ್‌ಎಲ್‌ಸಿಯಲ್ಲಿ ಮೆಂಡೆಲನ ಬಟಾಣಿ ಪಾಠ ಎಲ್ಲರೂ ಓದಿದ್ದೇವೆ, ಅಲ್ವಾ? ಆತ ಸಂನ್ಯಾಸಿ. ಈಗಿನ ಚೆಕ್ ದೇಶದ ಬ್ರನೋ ಪಟ್ಟಣದ ಅಗಸ್ಟೀನಿಯನ್ ಮಠದ ತೋಟದಲ್ಲಿ 1856ರಿಂದ 1863ರ ತನಕ ಸುಮಾರು 28,000 ಬಟಾಣಿ ಗಿಡ ಬೆಳೆಸಿ ನೋಡಿದ. ಆತನ ಪಾತಿ ಎಷ್ಟಿತ್ತು ಗೊತ್ತಾ? 35 ಮೀಟರ್ ಉದ್ದ, 7 ಮೀಟರ್ ಅಗಲ. ನಮ್ಮ ಲೆಕ್ಕದಲ್ಲಿ ಎರಡೂವರೆ ಗುಂಟೆಯೂ ಇಲ್ಲ. ಅದಕ್ಕೂ ಸಾವಿರ ವರ್ಷ ಹಿಂದೆ, 9ನೇ ಶತಮಾನದಲ್ಲಿ, ಈಗಿನ ಸ್ವಿಟ್ಜರ್ಲೆಂಡಿನ ಸೇಂಟ್ ಗಾಲ್ ಮಠದಲ್ಲಿ ಒಂದು ನಕ್ಷೆ ಇಟ್ಟಿದ್ದರು, ಮಾದರಿ ಮಠ ಹೇಗಿರಬೇಕು ಅಂತ. ಅದು ಇವತ್ತಿಗೂ ಉಳಿದಿದೆ. ಗುಡಿ, ಅಡುಗೆಮನೆ, ಆಸ್ಪತ್ರೆ ಜೊತೆಗೆ ತರಕಾರಿ ಪಾತಿಗಳನ್ನೂ, ಔಷಧಿ ಗಿಡಗಳ ಪಾತಿಗಳನ್ನೂ ಒಂದೊಂದಾಗಿ ಹೆಸರು ಬರೆದು ಗುರುತು ಮಾಡಿದ್ದಾರೆ. ನನಗೆ ಬಹಳ ಹಿಡಿಸಿದ್ದು ಅದರ ಸ್ಮಶಾನ. ಸಮಾಧಿಗಳ ಮಧ್ಯೆ ಹಣ್ಣಿನ ಮರಗಳು. ಸತ್ತವರ ನಡುವೆ ಹಣ್ಣಿನ ತೋಟ ಇಡಲು ಅವರಿಗೆ ಭಯವೂ ಇರಲಿಲ್ಲ, ಅಸಹ್ಯವೂ ಇರಲಿಲ್ಲ. ನಾವು ಸತ್ತವರನ್ನು ನೆನೆಯುವ ನವೆಂಬರ್ 2ಕ್ಕೆ ಮೊದಲು ಕೂಲಿಯವರನ್ನು ಕರೆಸಿ ಕಳೆ ಕೀಳಿಸಿ, ಸಮಾಧಿಗೆ ಸುಣ್ಣ ಬಳಿದು, ಚೆಂಡುಹೂವು ಸೇವಂತಿಗೆ ಹಾಕಿ ಬಂದರೆ ಮತ್ತೆ ಒಂದು ವರ್ಷ ಆ ಕಡೆ ತಲೆ ಹಾಕುವುದಿಲ್ಲ.

ನಮ್ಮ ಸೀಮೆಯದೇ ಉದಾಹರಣೆ ಬೇಕಾದರೆ ಶ್ರೀರಂಗಪಟ್ಟಣದಲ್ಲಿದ್ದ ಫ್ರೆಂಚ್ ಗುರು ಅಬ್ಬೆ ದ್ಯುಬುವಾ ಇದ್ದಾರೆ. ಟಿಪ್ಪು ಮಡಿದ ಮೇಲೆ ಅಲ್ಲಿಗೆ ಬಂದು ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಿದವರು. ಜನ ಅವರನ್ನು ದೊಡ್ಡಸ್ವಾಮಿಯೋರು ಅಂತಿದ್ದರು. ಸಿಡುಬಿಗೆ ಲಸಿಕೆ ಹಾಕಿಸಿದ್ದು, ಜಾತಿ ಪದ್ಧತಿಯ ಬಗ್ಗೆ ಬರೆದಿದ್ದು, ಅದೆಲ್ಲ ಎಲ್ಲರೂ ಹೇಳುತ್ತಾರೆ. ಅವರು ಬಡ ಕ್ರೈಸ್ತರಿಗೆ ಬೇಸಾಯದ ನೆಲೆಗಳನ್ನು ಮಾಡಿಕೊಟ್ಟರು ಅನ್ನುವುದನ್ನು ಮಾತ್ರ ಯಾರೂ ನೆನೆಯುವುದಿಲ್ಲ. ಗುಡಿ ಕಟ್ಟುವುದಕ್ಕಿಂತ ಹೊಲ ಕೊಡಿಸುವುದು ದೊಡ್ಡ ಕೆಲಸ ಅನ್ನುವುದು ನನ್ನ ಅಭಿಪ್ರಾಯ, ಒಪ್ಪದವರು ಒಪ್ಪದಿರಲಿ.

ಇಥಿಯೋಪಿಯಾದಲ್ಲಿ ಇನ್ನೊಂದು ಥರ. ಅಲ್ಲಿನ ಉತ್ತರದ ಬೆಟ್ಟಗಳಲ್ಲಿ ಕಾಡೆಲ್ಲ ಕಡಿದು ಹೊಲ ಮಾಡಿದ್ದಾರೆ, ಹಳೇ ಕಾಡು ಉಳಿದಿರುವುದು ಹೆಚ್ಚಾಗಿ ಆರ್ಥೊಡಾಕ್ಸ್ ಚರ್ಚುಗಳ ಸುತ್ತಲೇ. ದಕ್ಷಿಣ ಗೊಂಡರ್ ಅನ್ನುವ ಒಂದು ಭಾಗದಲ್ಲೇ ಅಂಥವು ಸಾವಿರದಷ್ಟಿವೆ. ದನ ನುಗ್ಗಿ ಸಸಿ ತಿನ್ನದಂತೆ ಊರಿನವರು ಹೊಲದ ಕಲ್ಲು ಆಯ್ದು ಗೋಡೆ ಕಟ್ಟಿದರು. ನಮಗೆ ಇದು ಹೊಸದಲ್ಲ. ಪಕ್ಕದ ಕೊಡಗಿನಲ್ಲಿ 1,200ಕ್ಕೂ ಜಾಸ್ತಿ ದೇವರಕಾಡುಗಳಿವೆ. ದೇವರ ಜಾಗ ಅಂದರೆ ಮರ ಇರುವ ಜಾಗ ಅಂತ ಈ ಸೀಮೆಯ ಜನಕ್ಕೆ ಯಾರೂ ಪಾಠ ಮಾಡಬೇಕಿಲ್ಲ. ಪೋಪ್ ಫ್ರಾನ್ಸಿಸ್ 2015ರಲ್ಲಿ ಭೂಮಿಯ ಬಗ್ಗೆ ಒಂದು ದೊಡ್ಡ ಪತ್ರವನ್ನೇ ಬರೆದರು. ಆಗಿನಿಂದ ಸೆಪ್ಟೆಂಬರ್ 1ಕ್ಕೆ ಸೃಷ್ಟಿಗಾಗಿ ಪ್ರಾರ್ಥನೆ ಶುರುವಾಗಿ ಅಕ್ಟೋಬರ್ 4, ಸಂತ ಫ್ರಾನ್ಸಿಸರ ಹಬ್ಬದ ತನಕ ನಡೆಯುತ್ತದೆ. ಎಷ್ಟೋ ಕಡೆ ಅದು ಒಂದು ಬ್ಯಾನರ್ ಕಟ್ಟಿ ಒಂದು ಸಸಿ ನೆಟ್ಟು ಫೋಟೋ ತೆಗೆಸಿಕೊಂಡರೆ ಮುಗಿಯಿತು. ಸಸಿಗೆ ಮಾರನೇ ದಿನದಿಂದ ನೀರಿಲ್ಲ.

ಸರಿ, ಏನು ಬೆಳೆಯುವುದು? ಇದರಲ್ಲಿ ನನಗೆ ಸ್ವಲ್ಪ ಹುಚ್ಚು ಇದೆ, ಜಾಸ್ತಿ ಬರೆದರೆ ಸಹಿಸಿಕೊಳ್ಳಿ. ಮೊದಲು ಸೊಪ್ಪು. ದಂಟು, ಮೆಂತ್ಯ, ಸಬ್ಬಸಿಗೆ ಹಾಕಿದರೆ ಒಂದು ತಿಂಗಳ ಒಳಗೆ ಕೈಗೆ ಬರುತ್ತದೆ. ಜನಕ್ಕೆ ನಂಬಿಕೆ ಬರಬೇಕಾದರೆ ಬೇಗ ಏನಾದರೂ ಕಾಣಬೇಕು, ಇಲ್ಲದಿದ್ದರೆ ಎರಡನೇ ತಿಂಗಳಿಗೆ ಯಾರೂ ಬರುವುದಿಲ್ಲ. ಬಸಳೆಗೆ ಒಂದು ಕಡ್ಡಿ ಚುಚ್ಚಿದರೆ ಸಾಕು, ಬಾವಿ ಹತ್ತಿರ ನೀರು ಹರಿಯುವ ಕಡೆ ಅದಾಗಿಯೇ ಹಬ್ಬುತ್ತದೆ. ಕಾಂಪೌಂಡ್ ಗೋಡೆಗೆ ತಂತಿ ಕಟ್ಟಿ ಹೀರೆ, ಪಡವಲ, ಚಪ್ಪರದವರೆ ಹಬ್ಬಿಸಬಹುದು. ಆಗಸ್ಟ್-ಸೆಪ್ಟೆಂಬರಿನಲ್ಲಿ ಅವರೆ ಬಿತ್ತಿದರೆ ಕ್ರಿಸ್‌ಮಸ್‌ನಿಂದ ಸಂಕ್ರಾಂತಿ ತನಕ ಸೊಗಡಿನ ಅವರೆಕಾಯಿ. ಅವರೆಕಾಯಿ ಸಾರಿನ ವಿಷಯದಲ್ಲಿ ನಮ್ಮ ಬೀದಿಯಲ್ಲಿ ಯಾವ ಧರ್ಮಭೇದವೂ ಇಲ್ಲ. ಬೇಲಿಗೆ ಕರಿಬೇವು, ನುಗ್ಗೆ. ನುಗ್ಗೆ ಕೊಂಬೆ ನೆಟ್ಟರೆ ಬರುತ್ತದೆ, ಎತ್ತರಕ್ಕೆ ಬಿಡದೆ ಸವರುತ್ತಿದ್ದರೆ ಸೊಪ್ಪಿಗೆ ಬರವಿಲ್ಲ.

ಮತ್ತೆ ಈರನಗೆರೆ ಬದನೆ. ಮೈಸೂರಿನವರಿಗೇ ಇದು ಮರೆತುಹೋಗುತ್ತಿದೆ. ಈರನಗೆರೆ ಇರುವುದು ಇದೇ ಊರಿನೊಳಗೆ, ಫಿಲೋಮಿನಾ ಚರ್ಚ್ ಕಡೆಯಿಂದ ದೂರವೇನಲ್ಲ. ಅಲ್ಲಿ ತರಕಾರಿ ತೋಟಗಳಿದ್ದವು, ಅಲ್ಲಿನ ಬದನೆಗೆ ಆ ಹೆಸರು. ತೋಟಗಳೆಲ್ಲ ಸೈಟಾದವು, ಬೀಜ ಮಾತ್ರ ಬೀಜ ಕಾಯುವ ರೈತರ ಕೈಯಲ್ಲಿ, ಕೆಲವು ಮನೆಗಳಲ್ಲಿ ಉಳಿದಿದೆ. ಹೈಬ್ರಿಡ್ ಬದನೆಯಿಂದ ಎತ್ತಿಟ್ಟ ಬೀಜ ಮುಂದಿನ ಸಲ ಅದೇ ಥರ ಕಾಯಿ ಕೊಡುತ್ತದೆ ಅನ್ನುವ ಖಾತ್ರಿ ಇಲ್ಲ. ನಾಟಿ ತಳಿ ಹಾಗಲ್ಲ. ಗಿಡದಲ್ಲೇ ಒಂದೆರಡು ಒಳ್ಳೇ ಕಾಯಿ ಹಳದಿಯಾಗುವ ತನಕ ಬಿಟ್ಟು, ಕಿತ್ತು, ಕಿವುಚಿ ನೀರಿನಲ್ಲಿ ಹಾಕಿದರೆ ಗಟ್ಟಿ ಬೀಜ ತಳಕ್ಕೆ ಕೂರುತ್ತದೆ, ನೆರಳಲ್ಲಿ ಒಣಗಿಸಿ ಬೂದಿ ಜೊತೆ ಬೆರೆಸಿ ಇಟ್ಟರೆ ಮುಂದಿನ ವರ್ಷಕ್ಕೆ ಆಯಿತು. ಪಕ್ಕದಲ್ಲಿ ಬೇರೆ ಬದನೆ ಹಾಕಬಾರದು, ಜೇನುನೊಣ ಪರಾಗ ಬೆರೆಸಿಬಿಡುತ್ತದೆ. ಸುತ್ತ ಕಾಂಪೌಂಡ್ ಇರುವ ಚರ್ಚ್ ಹಿತ್ತಲಿಗಿಂತ ಒಳ್ಳೇ ಬೀಜದ ತೋಟ ಬೇರೆ ಎಲ್ಲಿ ಸಿಗುತ್ತದೆ ಹೇಳಿ.

ಗೊಬ್ಬರಕ್ಕೆ ಹೊರಗೆ ಹೋಗಬೇಕಿಲ್ಲ. ಪೀಠದ ಅಲಂಕಾರಕ್ಕೆ ಪ್ರತಿ ವಾರ ತರುವ ಹೂವು, ಮದುವೆಯ ಹಾರಗಳು, ಉದುರಿದ ಎಲೆ, ಎಲ್ಲ ಈಗ ಕಪ್ಪು ಕವರಿನಲ್ಲಿ ಪಾಲಿಕೆ ಗಾಡಿಗೆ ಹೋಗುತ್ತಿದೆ, ಇಲ್ಲ ಮೂಲೆಯಲ್ಲಿ ಬೆಂಕಿ ಕಾಣುತ್ತಿದೆ. ಎರಡು ಗುಂಡಿ ತೋಡಿ ಒಂದಾದ ಮೇಲೆ ಒಂದು ತುಂಬಿಸಿದರೆ ಆಯಿತು. ಹೂವಿನ ಜೊತೆ ಬರುವ ಸ್ಪಾಂಜು, ತಂತಿ, ರಿಬ್ಬನ್ ಮಾತ್ರ ಬೇರೆ ಮಾಡಬೇಕು. ಜೀವಾಮೃತ ಮಾಡುವವರು ಮಂಡ್ಯ ಕಡೆಯ ಊರುಗಳಲ್ಲಿ ಬೇಕಾದಷ್ಟಿದ್ದಾರೆ. 200 ಲೀಟರ್ ನೀರಿಗೆ 10 ಕೆ.ಜಿ. ಸಗಣಿ, ಗಂಜಲ, 2 ಕೆ.ಜಿ. ಬೆಲ್ಲ, 2 ಕೆ.ಜಿ. ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಮಣ್ಣು. ಅಷ್ಟು ಒಂದು ಎಕರೆಗೆ, ನಮಗೆ ಅದರಲ್ಲಿ ಎಂಟನೇ ಒಂದು ಪಾಲು ಸಾಕು. ನಮ್ಮ ಚರ್ಚಿಗೆ ಬರುವ ಅರ್ಧ ಜನರ ಬೇರು ಹಳ್ಳಿಯಲ್ಲೇ ಇದೆ. ಗದ್ದೆ, ಕಬ್ಬು ಬಿಟ್ಟು ಬಂದವರು, ಈಗ ಎರಡನೇ ಮಹಡಿಯ ಬಾಲ್ಕನಿಯಲ್ಲಿ ಕೂತು ಮೊಬೈಲ್ ನೋಡುತ್ತಾರೆ. ಇವರಿಗೆ ಗುದ್ದಲಿ ಕೊಟ್ಟು ನೋಡಿ.

ಈಗ ಸಭೆಯಲ್ಲಿ ಬಂದ ಆಕ್ಷೇಪಣೆಗಳು. ಹಾವು ಬರುತ್ತದೆ ಅಂದರು. ಹಾವು ಬರುವುದು ಇಲಿಗೆ, ಇಲಿ ಇರುವುದು ಮುರಿದ ಬೆಂಚು, ಹೆಂಚಿನ ರಾಶಿಯಲ್ಲಿ, ಮದುವೆ ಊಟದ ಎಂಜಲಿನಲ್ಲಿ. ದಿನಾ ಜನ ಓಡಾಡುವ ಪಾತಿಯಲ್ಲಿ ಅಲ್ಲ. ಸೊಳ್ಳೆ ಅಂದರು. ಡೆಂಗಿ ಸೊಳ್ಳೆ ಮೊಟ್ಟೆ ಇಡುವುದು ನಿಂತ ತಿಳಿ ನೀರಿನಲ್ಲಿ. ಅಂಗಳದಲ್ಲಿ ಸಾಲಾಗಿ ಇಟ್ಟಿರುವ ಕುಂಡಗಳ ಕೆಳಗಿನ ತಟ್ಟೆಗಳನ್ನು ಒಮ್ಮೆ ಎತ್ತಿ ನೋಡಿ, ಆಮೇಲೆ ಮಾತಾಡೋಣ. ಪಾರ್ಕಿಂಗ್ ಅಂದರು. ಭಾನುವಾರ ಎರಡು ಪೂಜೆಯ ಹೊತ್ತಿಗೆ ಕಷ್ಟ ಇದೆ, ನಿಜ. ವಾರಕ್ಕೆ ಮೂರು ಗಂಟೆಯ ಕಷ್ಟಕ್ಕೆ ಮಣ್ಣನ್ನು ಶಾಶ್ವತವಾಗಿ ಮುಚ್ಚುವುದು ನನಗೆ ಸರಿ ಕಾಣುವುದಿಲ್ಲ. ನಡೆದು ಬರುವಷ್ಟು ಹತ್ತಿರ ಇರುವವರೂ ಕಾರು ತರುತ್ತಾರೆ, ಅದು ಬೇರೆ ಮಾತು, ಬಿಡಿ.

ದೊಡ್ಡ ಭಯ ಇದ್ಯಾವುದೂ ಅಲ್ಲ. ಅದನ್ನು ಬಾಯಿಬಿಟ್ಟು ಹೇಳಿದವರು ಒಬ್ಬರೇ, ಆದರೆ ಎಲ್ಲರ ಮನಸ್ಸಿನಲ್ಲೂ ಇತ್ತು. ‘ಇವತ್ತು ಬದನೆ ಹಾಕಿದವನು ನಾಳೆ ಜಾಗ ನಂದು ಅಂದರೆ ಏನ್ ಮಾಡ್ತೀರಾ?’ ಇದನ್ನು ನಗೆಯಾಡಿ ತಳ್ಳಿಹಾಕುವ ಹಾಗಿಲ್ಲ. ನಮ್ಮ ಜಿಲ್ಲೆಯವರೇ ಆದ ದೇವರಾಜ ಅರಸರ ಕಾಲದಲ್ಲಿ, 1974ರಲ್ಲಿ, ಭೂಸುಧಾರಣೆ ಕಾಯ್ದೆಗೆ ತಿದ್ದುಪಡಿ ಬಂದು ಉಳುವವನೇ ಹೊಲದೊಡೆಯ ಆದ. ಅದರಿಂದ ಎಷ್ಟೋ ಬಡ ಗೇಣಿದಾರರ ಬಾಳು ನೆಟ್ಟಗಾಯಿತು, ನಮ್ಮವರೂ ಅದರಲ್ಲಿದ್ದರು. ಆದರೆ ಜಾಗ ಇರುವ ಸಂಸ್ಥೆಗಳಲ್ಲಿ ಆಗಿನ ಅಂಜಿಕೆ ಇನ್ನೂ ಹೋಗಿಲ್ಲ. ಇದು ಊರೊಳಗಿನ ಚರ್ಚ್ ಹಿತ್ತಲು, ಗೇಣಿ ಜಮೀನಲ್ಲ. ಬಾಡಿಗೆ ಬೇಡ, ಪಾಲು ಬೇಡ, ಯಾರ ಹೆಸರಿಗೂ ಪಾತಿ ಬರೆದುಕೊಡುವುದೂ ಬೇಡ. ತೋಟ ಚರ್ಚಿನದು, ಕೆಲಸ ಮಾಡುವವರಿಗೆ ಒಂದು ವರ್ಷದ ಅನುಮತಿ ಅಂತ ಒಂದು ಹಾಳೆ ಬರೆದು ಎರಡೂ ಕಡೆಯವರು ಸಹಿ ಹಾಕಿ, ಗೊತ್ತಿರುವ ವಕೀಲರಿಗೆ ಒಂದು ಸಲ ತೋರಿಸಿ. ವರ್ಷ ವರ್ಷ ಪಾತಿ ಬದಲಾಯಿಸಿ. ಗೇಟಿನ ಬೀಗ ಚರ್ಚಿನ ಕೈಯಲ್ಲೇ ಇರಲಿ. ಇಷ್ಟಕ್ಕೂ ಅನುಮಾನ ಇದ್ದರೆ, ಅದು ಪಕ್ಕದ ಮನೆಯವರ ಮೇಲಿನ ಅನುಮಾನ, ಕಾಯ್ದೆಯ ಮಾತಲ್ಲ.

ಜಗಳ ಆಗುವುದಿಲ್ಲ ಅಂತ ನಾನು ಹೇಳುವುದಿಲ್ಲ. ಆಗೇ ಆಗುತ್ತದೆ. ಯಾರೋ ನೀರು ಹಾಕುವುದು, ಇನ್ಯಾರೋ ಬೆಳಿಗ್ಗೆ ಬಂದು ಬೆಂಡೆಕಾಯಿ ಕಿತ್ತುಕೊಂಡು ಹೋಗುವುದು. ಅದಕ್ಕೆ ಪಾತಿ ಹಂಚುವುದಕ್ಕಿಂತ ದಿನ ಹಂಚುವುದು ವಾಸಿ ಅಂತ ನನ್ನ ಲೆಕ್ಕ. ಸೋಮವಾರ ಈ ನಾಲ್ಕು ಮನೆ, ಮಂಗಳವಾರ ಆ ನಾಲ್ಕು ಮನೆ. ಶನಿವಾರ ಸಂಜೆ ಎಲ್ಲರೂ ಸೇರಿ ಕೊಯ್ಲು. ಬಂದದ್ದರಲ್ಲಿ ಅರ್ಧ ಕೆಲಸ ಮಾಡಿದವರಿಗೆ, ಅರ್ಧವನ್ನು ವಿನ್ಸೆಂಟ್ ಡಿ ಪೌಲ್ ಸಭೆಯವರು ಕಷ್ಟದಲ್ಲಿರುವ ಮನೆಗಳಿಗೆ ಮುಟ್ಟಿಸಲಿ. ಅವರು ಈಗಲೂ ಅಕ್ಕಿ, ಬೇಳೆ ಕೊಡುತ್ತಾರೆ. ಜೊತೆಗೆ ಎರಡು ಕಟ್ಟು ಸೊಪ್ಪು, ಅರ್ಧ ಕೆ.ಜಿ. ಬದನೆ ಇದ್ದರೆ ಊಟದ ರುಚಿಯೇ ಬೇರೆ. ಭಾನುವಾರ ಗೇಟಿನ ಹತ್ತಿರ ಮಾರಿ ದುಡ್ಡು ಮಾಡೋಣ ಅಂತ ಒಬ್ಬರು ಸಲಹೆ ಕೊಟ್ಟರು. ದಯವಿಟ್ಟು ಬೇಡ. ದುಡ್ಡು ಬಂದ ಕೂಡಲೇ ಲೆಕ್ಕ ಬರುತ್ತದೆ, ಲೆಕ್ಕ ಬಂದರೆ ಸಮಿತಿ ಬರುತ್ತದೆ, ಸಮಿತಿ ಬಂದರೆ ಚುನಾವಣೆ!

ಉಪದೇಶದ ತರಗತಿಗೆ ಬರುವ ಮಕ್ಕಳನ್ನು ತಿಂಗಳಿಗೊಂದು ಸಲ ಅಲ್ಲಿಗೆ ಕರೆದುಕೊಂಡು ಬರಲಿ. ಬೈಬಲ್ಲಿನ ಬಿತ್ತುವವನ ಸಾಮತಿ (ದೃಷ್ಟಾಂತ ಕಥೆ) ಓದುತ್ತಾರೆ. ದಾರಿ ಬದಿಗೆ, ಕಲ್ಲು ನೆಲಕ್ಕೆ, ಮುಳ್ಳಿಗೆ ಬಿದ್ದ ಬೀಜ ಏನಾಯಿತು ಅಂತ ಬಾಯಿಪಾಠ ಒಪ್ಪಿಸುತ್ತಾರೆ. ಬೀಜ ಎಷ್ಟು ಆಳಕ್ಕೆ ಹಾಕಬೇಕು ಅಂತ ಕೇಳಿದರೆ ಮುಖ ಮುಖ ನೋಡುತ್ತಾರೆ.

ಸರ್ಕಾರದ ಕಡೆಯವರಿಗೂ ಒಂದು ಮಾತು. ತೋಟಗಾರಿಕೆ ಇಲಾಖೆಯವರು ದಸರಾಗೆ ಕುಪ್ಪಣ್ಣ ಪಾರ್ಕಿನಲ್ಲಿ ಫಲಪುಷ್ಪ ಪ್ರದರ್ಶನ ಚೆನ್ನಾಗಿಯೇ ಮಾಡುತ್ತಾರೆ, ನಾವೂ ಟಿಕೆಟ್ ತಗೊಂಡು ಹೋಗಿ ನೋಡುತ್ತೇವೆ. ಹೂವಿನಲ್ಲಿ ಮಾಡಿದ ಅರಮನೆಗೆ ಹಾಕುವ ಶ್ರಮದಲ್ಲಿ ಸ್ವಲ್ಪ ಈ ಕಡೆ ತಿರುಗಿಸಿ, ಚರ್ಚ್, ಮಸೀದಿ, ದೇವಸ್ಥಾನ, ಶಾಲೆ, ಎಲ್ಲಿ ಹಿತ್ತಲಿದೆಯೋ ಅಲ್ಲಿಗೆ ಸೊಪ್ಪಿನ ಬೀಜ, ನಾಟಿ ತರಕಾರಿ ಸಸಿ ಕೊಡಲಿ. ಯಲಚಹಳ್ಳಿಯಲ್ಲಿ ತೋಟಗಾರಿಕೆ ಕಾಲೇಜೇ ಇದೆ, ವಿದ್ಯಾರ್ಥಿಗಳನ್ನು ಕಳಿಸಲಿ, ಅವರಿಗೂ ಕೈ ಮಣ್ಣಾಗಲಿ. ಪಾಲಿಕೆಯವರು ಹಸಿ ಕಸದಿಂದ ಮಾಡುವ ಗೊಬ್ಬರದಲ್ಲಿ ಒಂದು ಟ್ರ್ಯಾಕ್ಟರ್ ಲೋಡ್ ಇಂಥ ತೋಟಗಳಿಗೆ ಕೊಟ್ಟರೆ ಅವರದೇನೂ ಗಂಟು ಹೋಗುವುದಿಲ್ಲ.

ನಮ್ಮ ಪಾಲನಾ ಸಮಿತಿಯ ಸಭೆ ಮುಂದಿನ ತಿಂಗಳು ಮತ್ತೆ ಸೇರುತ್ತದೆ. ಕಂಟ್ರಾಕ್ಟರ್ ಕೊಟೇಶನ್ ಕೊಟ್ಟಾಗಿದೆ. ನಾನು ಕೇಳುವುದು ಒಂದು ವರ್ಷದ ಟೈಮು. ಮೇ ತಿಂಗಳ ಮಳೆಗೆ ಮುಂಚೆ ಪಾರ್ಥೇನಿಯಂ ಕಿತ್ತು ಪಾತಿ ಮಾಡೋಣ. ಮುಂದಿನ ಈಸ್ಟರ್ ಹೊತ್ತಿಗೆ ಅಲ್ಲಿ ಏನೂ ಬೆಳೆಯದಿದ್ದರೆ ಇಂಟರ್‌ಲಾಕ್ ಹಾಕಿಸಿ, ನಾನೇ ಬಂದು ಮೊದಲ ಕಲ್ಲು ಜೋಡಿಸುತ್ತೇನೆ. ಬೇರೆ ಚರ್ಚಿನವರು ಯಾರಾದರೂ ಆಗಲೇ ಇಂಥದ್ದು ಮಾಡಿದ್ದರೆ ದಯವಿಟ್ಟು ಇದೇ ಅಂಕಣಕ್ಕೆ ಬರೆಯಿರಿ. ನೀರು ಹೇಗೆ ಮಾಡಿದಿರಿ, ಜಗಳ ಹೇಗೆ ಬಗೆಹರಿಸಿದಿರಿ, ಬೀಗ ಯಾರ ಹತ್ತಿರ ಇದೆ, ಇಷ್ಟು ತಿಳಿಸಿ. ಸಭೆಯಲ್ಲಿ ಓದಿ ಹೇಳಲು ನನಗೆ ಬೇಕು.

ಇತಿ,
ಒಬ್ಬ ಓದುಗರು, ಮೈಸೂರು